ಅಪ್ಪ ಏನ್ ಬಿಸಿನೆಸ್ ಮಾಡ್ತಾರೆ?

ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯವೊಂದರ ಬಿಬಿಎ ಸಂದರ್ಶನದಲ್ಲಿ ನನ್ನ ಮಗಳಿಗೆ ಕೇಳಿದ ಮೊದಲ ಪ್ರಶ್ನೆ ಇದು. 'ಆಫೀಸಲ್ಲಿ ಗುಮಾಸ್ತ' ಅಂದ್ಲು. 'ಫೀಸು ಕಟ್ತಾರಾ?' ಅಂದ್ರು. ಪಿಯುಸಿಯಲ್ಲಿ ಅವಳು ತೆಗೆದ ಶೇ 94ರ ಬಗ್ಗೆ ಒಂದು ಮಾತಿಲ್ಲ. ಇದಕ್ಕೆ ಅವರಿಟ್ಟ ಹೆಸರು ಮೆರಿಟ್!

ಚಪ್ಪಲಿ ಹೊಲಿದೋರು ನಾವು, ಅಂಗಡಿ ಇಟ್ಟೋರು ಬೇರೆಯೋರು. ಈಗ ನಮ್ಮನ್ನೇ ಬಿಸಿನೆಸ್ ಎಲ್ಲಿ ಅಂತಾರೆ.

ಇಂದೋರಿನ ಐಐಎಂನಲ್ಲಿ ಪಿಯುಸಿ ಮುಗಿಸಿದವರ ಐದು ವರ್ಷದ ಕೋರ್ಸಿಗೆ ಪರಿಶಿಷ್ಟ ಜಾತಿಗೆ ಶೇ 15 ಸೀಟು ಮೀಸಲು. 2006ರ ಕೇಂದ್ರ ಕಾಯ್ದೆಯ ಬಲ ಅದು. ಖಾಸಗಿಯವರಿಗೆ ಆ ಕಾಯ್ದೆ ತಟ್ಟಲ್ಲ. ಸಂವಿಧಾನದ 15(5)ನೇ ವಿಧಿ ಖಾಸಗಿಯಲ್ಲೂ ಮೀಸಲಾತಿಗೆ ದಾರಿ ಬಿಟ್ಟಿದೆ. 2014ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿದಿದೆ. ಸಂಸತ್ತಿಗೆ ಮಾತ್ರ ಕಾಯ್ದೆ ಮಾಡೋಕೆ ಪುರುಸೊತ್ತಿಲ್ಲ.

ಓಟು ಕೇಳೋಕೆ ಬರೋರಿಗೆ ಇದನ್ನೇ ಕೇಳಿ. ಜೈ ಭೀಮ್.