ಬಾಟಲಿ ಹಿಡಿದವನು

ಅವ್ವನ ಸಲೈನ್ ಬಾಟಲಿಯನ್ನು ಮೂರು ಗಂಟೆ ಎತ್ತಿ ಹಿಡಿದು ನಿಂತವನು ನಾನು. ಅಷ್ಟು ದೊಡ್ಡಾಸ್ಪತ್ರೆಯಲ್ಲಿ ಸ್ಟ್ಯಾಂಡು ಇರಲಿಲ್ಲವೇ ಅನ್ನಬೇಡಿ. ಇತ್ತು. ಚಕ್ರ ಮುರಿದುಕೊಂಡು ಮೂಲೆ ಸೇರಿತ್ತು, ಅದರ ಮೇಲೆ ಯಾರದೋ ಒದ್ದೆ ಟವೆಲ್ಲು ಒಣಗುತ್ತಿತ್ತು. ಅವ್ವ ಮಲಗಿದ್ದು ನೆಲದ ಮೇಲೆ, ಎರಡು ಮಂಚಗಳ ಸಂದಿಯಲ್ಲಿ. ಪಕ್ಕದ ಮಂಚದವರ ಮೊಬೈಲಿನಲ್ಲಿ ಸೀರಿಯಲ್ ಓಡುತ್ತಿತ್ತು. ಅಲ್ಲೂ ಆಸ್ಪತ್ರೆಯೇ.

ಆಹಾ, ಎಂಥ ಆಸ್ಪತ್ರೆ! ಹುಡುಗಿ ತಿಂಗಳಿಂದ ಕೋಮಾದಲ್ಲಿದ್ದಾಳೆ, ತುಟಿಯ ಬಣ್ಣ ಒಂದಿಷ್ಟೂ ಅಳಿಸಿಲ್ಲ. ರೂಮಿನ ತುಂಬ ಅವಳೊಬ್ಬಳೇ. ಜನರಲ್ ವಾರ್ಡು ಅನ್ನುವುದು ಸೀರಿಯಲ್ಲಿನವರ ಭೂಪಟದಲ್ಲೇ ಇಲ್ಲ. ಬಾಗಿಲ ಮೇಲಿನ ಕೆಂಪು ದೀಪ ಆರುತ್ತದೆ, ಡಾಕ್ಟರು ಹೊರಬಂದು ಕನ್ನಡಕ ತೆಗೆಯುತ್ತಾನೆ. "24 ಗಂಟೆ ಏನೂ ಹೇಳೋಕಾಗಲ್ಲ. ನೀವು ಧೈರ್ಯವಾಗಿರಿ."

ನೀವು!

ಅವ್ವನಿಗೆ ಸಿಕ್ಕಿದ್ದು "ಏಯ್ ಮುದುಕಿ, ಕೈ ಕೊಡೇ". ಅಂದವನು ನನ್ನ ತಮ್ಮನಿಗಿಂತ ಚಿಕ್ಕವನು. ಚೀಟಿ ಬರೆಯುವವನು ಊರು ಕೇಳಿದ ಮೇಲೆ ಕೇರಿಯನ್ನೂ ಕೇಳಿದ್ದ. ಕಾಯಿಲೆಯ ಕಾಲಂ ಖಾಲಿ ಬಿಟ್ಟ. ಮಂಚ ಇಲ್ಲ ಅಂದರು, ಒಪ್ಪಿದೆ. ಔಷಧಿ ಇಲ್ಲ ಅಂದರು, ಹೊರಗಿನಿಂದ ತಂದೆ. ಬಹುವಚನಕ್ಕೂ ಅನುದಾನ ಬಿಡುಗಡೆ ಆಗಬೇಕೇನ್ರೀ?

ಸೀರಿಯಲ್ಲಿನವರನ್ನು ಬೈದು ಏನು ಬಂತು. ಅದಕ್ಕಿಂತ ಉದ್ದದ ಸೀರಿಯಲ್ಲು ವಿಧಾನಸೌಧದ್ದು, ಹೆಸರು 'ಆಸ್ಪತ್ರೆ ಸುಧಾರಣೆ'. ಪ್ರತಿ ಮಂತ್ರಿಗೂ ಅದರಲ್ಲೊಂದು 'ದಿಢೀರ್ ಭೇಟಿ' ಕಂತು. ಅದು ಹಿಂದಿನ ದಿನವೇ ಫಿನಾಯಿಲಿಗೆ ಗೊತ್ತಿರುತ್ತದೆ. ಬೆಳಿಗ್ಗೆ ಹೊಸ ಬೆಡ್‌ಶೀಟು ಹಾಸುತ್ತಾರೆ, ಕ್ಯಾಮೆರಾ ಹೋದ ಮೇಲೆ ಎಣಿಸಿ ಬೀರುವಿಗೆ ಸೇರಿಸುತ್ತಾರೆ. ನಡುವೆ ಒಬ್ಬ ನರ್ಸು ಅಮಾನತು. ಮುಂದುವರಿಯುವುದು.

ಟ್ರಾಲಿ ತಳ್ಳಲು ಇನ್ನೂರು ಕೇಳಿದವನ ಕೊರಳಪಟ್ಟಿ ಹಿಡಿದಿದ್ದೆ. "ಹೊಡೀರಿ ಅಣ್ಣ, ಹೊರಗುತ್ತಿಗೆಯೋನು ನಾನು, ಮೂರು ತಿಂಗಳಿಂದ ಸಂಬಳ ಇಲ್ಲ" ಅಂದ. ಕೈ ಸಡಿಲವಾಯಿತು. ದುಡ್ಡು ಕೊಟ್ಟೆ. ಕೊಟ್ಟ ನಾಚಿಕೆ ಇನ್ನೂ ಹೋಗಿಲ್ಲ. ಈ ವಸೂಲಿ ಇಂದಿನ ರೋಗವೂ ಅಲ್ಲ. 2000ದ ಸುಮಾರಿಗೇ ಬೆಂಗಳೂರು ಪಾಲಿಕೆಯ ಹೆರಿಗೆ ಆಸ್ಪತ್ರೆಗಳಿಗೆ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆಯವರು ಹೋದಾಗ, ಹೆತ್ತ ಮಗುವಿನ ಮುಖ ನೋಡಲೂ ತಾಯಂದಿರು ಲಂಚ ಕೊಡುತ್ತಿದ್ದರೆಂದು ಬರೆದುಕೊಂಡು ಬಂದರು. ವರದಿ ಬಂತು. ರೇಟೂ ಏರಿತು.

2017ರಲ್ಲಿ ಆಗಿನ ಆರೋಗ್ಯ ಮಂತ್ರಿ ರಮೇಶ್ ಕುಮಾರ್ ಖಾಸಗಿ ಆಸ್ಪತ್ರೆಗಳಿಗೆ ಮೂಗುದಾರ ಹಾಕಲು ಹೊರಟರು. ಡಾಕ್ಟರುಗಳು ಬಾಗಿಲು ಮುಚ್ಚಿ ಅಧಿವೇಶನದ ಬೆಳಗಾವಿಗೆ ನಡೆದರು, ಮಸೂದೆ ಹಲ್ಲು ಕಿತ್ತುಕೊಂಡು ಪಾಸಾಯಿತು. ಆ ಹಲ್ಲಿಲ್ಲದ ಕಾಯ್ದೆಯೂ ಸರ್ಕಾರದ ಸ್ವಂತ ಆಸ್ಪತ್ರೆಗಳಿಗೆ ತಾಗುವುದಿಲ್ಲ. ಗೌಡನ ಹೋರಿ, ಯಾರ ಹೊಲವಾದರೂ ಮೇಯಬಹುದು.

ಮೇಯುತ್ತಲೇ ಇದೆ. ಕೋವಿಡ್ ಕಾಲ, 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಉಸಿರು ಮುಗಿಯಿತು. ಸಿಲಿಂಡರು ಬರದಿದ್ದಕ್ಕೆ ಹೊಣೆ ಯಾರೆಂದು ಅಧಿಕಾರಿಗಳು ಜಗಳಾಡಿದರು. ಒಂದೇ ದಿನ 24 ಹೆಣ. ಆಮ್ಲಜನಕ ಇಲ್ಲದೆ ಸತ್ತವರು ಮೂವರೇ ಅಂತ ಸರ್ಕಾರ ಲೆಕ್ಕ ಹೇಳಿತು. ಹೈಕೋರ್ಟಿನ ಸಮಿತಿ ಆ ಲೆಕ್ಕ ಒಪ್ಪಲಿಲ್ಲ. 2024ರ ನವೆಂಬರ್-ಡಿಸೆಂಬರಿನಲ್ಲಿ ಬಳ್ಳಾರಿ. ಸಿಸೇರಿಯನ್ ಆದ ಬಾಣಂತಿಯರು ಒಬ್ಬೊಬ್ಬರಾಗಿ ಹೋದರು, ಐವರು. ಸರ್ಕಾರವೇ ಬೆರಳು ತೋರಿಸಿದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಬಾಟಲಿಯ ಕಡೆಗೆ. ಆ ಕಂಪನಿಯ ಮಾಲಿನ ಮೇಲೆ ದೂರು ಮೊದಲೇ ಇತ್ತು. ತಡೆದರು, ಮತ್ತೆ ಒಂದಷ್ಟು ಬಿಟ್ಟರು.

ಬಾಟಲಿ.

ಆ ಸುದ್ದಿ ಓದಿದ ದಿನ ನನ್ನ ಬಲಗೈ ತಾನಾಗಿ ಮೇಲೆದ್ದಿತು. ಅವ್ವನಿಗೆ ಏರುತ್ತಿದ್ದುದರಲ್ಲಿ ಏನಿತ್ತೋ, ಲೇಬಲ್ಲು ಓದಬೇಕೆಂದು ಆಗ ನನಗೆ ಹೊಳೆದೇ ಇರಲಿಲ್ಲ. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುವ ಚಾಳಿ ನಮ್ಮ ಕೇರಿಯದು.

ಮೂರನೆಯ ಗಂಟೆಯಲ್ಲಿ ತೋಳು ಮರಗಟ್ಟಿತ್ತು. ಮೊಬೈಲಿನೊಳಗೆ ಕೋಮಾದ ಹುಡುಗಿಯ ಬೆರಳು ಅಲುಗಿತು, ಇಡೀ ವಾರ್ಡು ಕತ್ತು ಚಾಚಿತು. ನಾನೂ ಚಾಚಿದೆ. ಗೊತ್ತಿಲ್ಲದೆ ಕೈ ಇಳಿದಿತ್ತು. ಕೆಳಗೆ ನೋಡಿದರೆ ಅವ್ವನ ರಕ್ತ ನಳಿಕೆಯಲ್ಲಿ ಮೇಲೇರುತ್ತಿದೆ, ಕೆಂಪಗೆ, ಗೇಣುದ್ದ.

"ಸೀರಿಯಲ್ ನೋಡೋಕೆ ಬಂದಿದ್ದೀಯೇನೋ?" ನರ್ಸು ಅರಚಿದಳು. ಎಪ್ಪತ್ತು ಜನಕ್ಕೆ ಅವಳೊಬ್ಬಳೇ. ಸರಕ್ಕನೆ ಎತ್ತಿ ಹಿಡಿದೆ. ಕೆಂಪು ನಿಧಾನಕ್ಕೆ ವಾಪಸ್ಸು ಇಳಿಯಿತು.

ಅವ್ವ ಕಣ್ಣು ಬಿಟ್ಟಿದ್ದಳು. ಒಣಗಿದ ತುಟಿ ಅಲುಗಿತು. ನೀರು ಕೇಳುತ್ತಾಳೇನೋ ಅಂತ ಬಗ್ಗಿದೆ.

"ಆ ಹುಡ್ಗಿಗೆ ಎಚ್ರಾಯ್ತೇನ್ಲಾ?"