ಬೋರ್ಡಿನಲ್ಲಿಲ್ಲದ ಹೆಸರು

ಕಳೆದ ದೀಪಾವಳಿಗೆ ನನ್ನ ತವರುಮನೆಯಲ್ಲಿ ನನಗೆ ಜಾಗವಿರಲಿಲ್ಲ. ಹೀಗೆ ಬರೆದರೆ ತಮ್ಮನಿಗೂ ನನಗೂ ಆಸ್ತಿಪಾಲಿನ ಜಗಳ ಎಂದು ನೀವು ತಿಳಿದೀರಿ. ಹಾಗೇನೂ ಇಲ್ಲ. ತಮ್ಮನೇ ಪ್ರೀತಿಯಿಂದ ಫೋನು ಮಾಡಿ, "ಅಕ್ಕಾ, ನಾಕೂ ರೂಮು ಬುಕ್ ಆಗೋಯ್ದು. ಹಬ್ಬ ಮುಗದ ಮೇಲೆ ಬಾ, ಆರಾಮಾಗಿ ಇಪ್ಲಕ್ಕು" ಎಂದ. ನನ್ನ ಎರಡೂ ಬಾಣಂತನವಾದ ಕೋಣೆಗೆ ಈಗ 'ಹೆರಿಟೇಜ್ ರೂಮ್' ಎಂದು ಹೆಸರು. ಅದಕ್ಕೆ ಬಾಡಿಗೆ ಸ್ವಲ್ಪ ಜಾಸ್ತಿಯಂತೆ.

ಬೇಸರವಾಯಿತು. ಆದರೆ ಯಾರ ಮೇಲೆ ಸಿಟ್ಟು ಮಾಡಲಿ? 2017ರಲ್ಲಿ ಮನೆಯನ್ನು ಹೋಂಸ್ಟೇ ಮಾಡುತ್ತೇನೆಂದು ತಮ್ಮ ಹೊರಟಾಗ, ಬಂದವರು ಓದಿ ಮರುಳಾಗುವಂತಹ ನಾಲ್ಕು ಸಾಲು ಬರೆದುಕೊಟ್ಟವಳು ನಾನೇ. ಹೇಳಿಕೇಳಿ ಶಾಲೆಯ ಅಕ್ಕೋರು. 'ಅಡಕೆ ತೋಟದ ನಡುವೆ ನೂರು ವರ್ಷದ ಮನೆ, ಅಮ್ಮನ ಕೈರುಚಿ, ನಗುಮೊಗದ ಉಪಚಾರ' ಎಂದೆಲ್ಲ ಕನ್ನಡ, ಇಂಗ್ಲಿಷು ಎರಡರಲ್ಲೂ ಬರೆದೆ. ಬೋರ್ಡಿನಲ್ಲಿ ತಮ್ಮನ ಹೆಸರು, ತಮ್ಮನ ಫೋನ್ ನಂಬರು. ಅಮ್ಮ ತೀರಿಹೋಗಿ ಆಗಲೇ ಮೂರು ವರ್ಷ. ಹಾಗಾದರೆ ಅಮ್ಮನ ಕೈರುಚಿ ಯಾರ ಕೈಯಿಂದ ಬರಬೇಕು, ನಗುಮೊಗ ಯಾರದಾಗಬೇಕು ಎಂದು ಆಗ ನನಗೆ ಹೊಳೆಯಲೇ ಇಲ್ಲ.

ನಾನು ಪ್ರವಾಸಿಗರನ್ನು ದ್ವೇಷಿಸುವವಳಲ್ಲ. ನಮ್ಮ ಸೀಮೆಯ ಕಷ್ಟ ನನಗೆ ಗೊತ್ತು. ಮಳೆ ಹೆಚ್ಚಾದರೆ ಅಡಕೆಗೆ ಕೊಳೆ, ಈಚೆಗೆ ಎಲೆಚುಕ್ಕೆ ರೋಗ ಬೇರೆ. ಮಕ್ಕಳು ಬೆಂಗಳೂರಿನಲ್ಲಿ. ಹತ್ತು ಕೋಣೆಯ ಮನೆಯಲ್ಲಿ ಗಂಡಹೆಂಡತಿ ಇಬ್ಬರೇ ಒಬ್ಬರ ಮುಖ ಒಬ್ಬರು ನೋಡುತ್ತ ಕೂರುವ ಊರುಗಳಿವು. 'ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ' ಎಂಬ ಗಾದೆ ಕೇಳುತ್ತ ಬೆಳೆದವರು ನಾವು. ಹುಂಬರು ಮಾತ್ರ ಹೋಗುತ್ತಿದ್ದ ಆ ಯಾಣಕ್ಕೆ 1996ರಲ್ಲಿ 'ನಮ್ಮೂರ ಮಂದಾರ ಹೂವೇ' ಸಿನಿಮಾ ಬಂದ ಮೇಲೆ ಜನಜಾತ್ರೆ ಶುರುವಾಯಿತು. ಈಗ ಯಾಣಕ್ಕೂ ರೊಕ್ಕ ಬೇಕು. ಉಂಚಳ್ಳಿ, ಮಾಗೋಡು, ಸಾತೊಡ್ಡಿ, ಸಹಸ್ರಲಿಂಗ, ಬನವಾಸಿ ಎಂದು ಶನಿವಾರ-ಭಾನುವಾರ ಕಾರುಗಳ ಸಾಲು. ಬಂದವರಿಗೆ ಊಟ-ವಸತಿ ಬೇಕು, ನಮ್ಮವರಿಗೆ ನಾಲ್ಕು ಕಾಸು ಬೇಕು. ಇದರಲ್ಲಿ ತಪ್ಪೇನು?

ತಪ್ಪು ಎಲ್ಲಿದೆ ಎಂದು ತಿಳಿದದ್ದು ಹಬ್ಬ ಕಳೆದು ಒಂದು ಶನಿವಾರ ಹೋಗಿ ಉಳಿದಾಗ. ಆ ದಿನ ಹನ್ನೆರಡು ಜನ ಅತಿಥಿಗಳು. ತಮ್ಮನ ಹೆಂಡತಿ ಎದ್ದದ್ದು ನಾಲ್ಕೂವರೆಗೆ. ಹಾಲು ಕರೆದು, ಬಚ್ಚಲೊಲೆಗೆ ಬೆಂಕಿ ಹಾಕಿ, ಉಂಚಳ್ಳಿಗೆ ಬೇಗ ಹೊರಟ ನಾಲ್ವರಿಗೆ ಕಾಫಿ. ಉಳಿದವರಿಗೆ ತೆಳ್ಳೇವು. ಅದನ್ನು ಮೊದಲೇ ಮಾಡಿಡುವ ಹಾಗಿಲ್ಲ, ತಿನ್ನುವವರು ಕೂತ ಮೇಲೆ ಒಂದೊಂದಾಗಿ ಹೊಯ್ಯಬೇಕು. ಅವರು ಒಬ್ಬೊಬ್ಬರಾಗಿ ಎದ್ದು ಬರುವುದು ಎಂಟರಿಂದ ಹತ್ತೂವರೆವರೆಗೆ. ಮಧ್ಯಾಹ್ನಕ್ಕೆ ತಂಬುಳಿ, ಅಪ್ಪೆಹುಳಿ, ಪತ್ರೊಡೆ, ಪಾಯಸ. ಸಂಜೆ ಅಂಗಳದಲ್ಲಿ ಬೆಂಕಿ ಹಾಕಿ ಕೂರುವವರಿಗೆ ಹಪ್ಪಳ ಕರಿದು ಸಾಗಿಸುವುದು. ರಾತ್ರಿ ಊಟ ಮುಗಿದಾಗ ಹನ್ನೊಂದೂಕಾಲು. ಪರೀಕ್ಷೆಯ ಕೋಣೆ ಕಾದು ರೂಢಿಯಾದ ಕಣ್ಣು ನನ್ನದು, ಗಡಿಯಾರ ನೋಡುವುದು ಬಿಡುವುದಿಲ್ಲ. ಆಕೆ ಕೂತದ್ದು ಎಲ್ಲ ಸೇರಿ ನಲವತ್ತು ನಿಮಿಷ. ತಮ್ಮನೂ ಸುಮ್ಮನಿರಲಿಲ್ಲ, ತೋಟ ತೋರಿಸಿದ, ಅಡಕೆ ಸುಲಿಯುವುದು ಹೇಗೆಂದು ವಿವರಿಸಿದ, ಕವಳದ ಬಟ್ಟಲು ಮುಂದಿಟ್ಟುಕೊಂಡು ಹಳೆಯ ಕತೆ ಹೇಳಿದ. ಅವನ ಕೆಲಸ ಕೂತು ಮಾಡುವಂಥದ್ದು, ಅಷ್ಟೇ ವ್ಯತ್ಯಾಸ.

ರಾತ್ರಿ ಪಾತ್ರೆ ಒರೆಸುತ್ತ ಕೇಳಿದೆ, "ಇದರಲ್ಲಿ ನಿನ್ನ ಕೈಗೆ ಎಷ್ಟು ಬರುತ್ತದೆ?" ಆಕೆ ನಕ್ಕಳು. "ಯಂಗೆ ಎಂತಕ್ಕೆ ಅತ್ಗೇ? ಮನೆಗೇ ಅಲ್ದಾ ಬಪ್ಪದು?"

ಮನೆಗೆ ಬರುತ್ತದೆ, ನಿಜ. ತಮ್ಮ ಕುಡುಕನಲ್ಲ, ದುಂದುಗಾರನೂ ಅಲ್ಲ. ಆದರೆ ಹಣ ಬಂದು ಬೀಳುವುದು ಅವನ ಖಾತೆಗೆ. ಆಕೆಗೆ ತವರಿನ ಮದುವೆಗೆ ಒಂದು ಸೀರೆ ಬೇಕಾದರೂ ಕೇಳಿಯೇ ತೆಗೆಸಿಕೊಳ್ಳಬೇಕು. ತೋಟಕ್ಕೆ ಬರುವ ಕೊನೆಗೌಡನಿಗೆ ಕೂಲಿ ಉಂಟು, ಅಡಕೆ ಸುಲಿಯುವವರಿಗೆ ಕೂಲಿ ಉಂಟು, ಕೋಣೆ ಗುಡಿಸಲು ಬರುವ ಹುಡುಗಿಗೂ ಉಂಟು. ಯಾವ ಅಡುಗೆಯ ಹೆಸರಿನಲ್ಲಿ ಇಡೀ ವ್ಯಾಪಾರ ನಡೆದಿದೆಯೋ ಆ ಅಡುಗೆಗೆ ಮಾತ್ರ ಇಲ್ಲ. ಸರ್ಕಾರದ ಉದ್ಯೋಗ ಸಮೀಕ್ಷೆಯಲ್ಲಿ ಇಂಥವರಿಗೊಂದು ಪ್ರತ್ಯೇಕ ವರ್ಗವೇ ಇದೆ: 'ಕುಟುಂಬದ ಉದ್ದಿಮೆಯಲ್ಲಿ ಸಹಾಯಕರು', ಅಂದರೆ ಸಂಬಳವಿಲ್ಲದೆ ದುಡಿಯುವ ಮನೆಮಂದಿ. ಸಹಾಯಕಿಯಂತೆ! ಆ ಮನೆಯಲ್ಲಿ ಯಾರು ಯಾರಿಗೆ ಸಹಾಯ ಮಾಡುತ್ತಿದ್ದಾರೆಂದು ಒಂದು ಶನಿವಾರ ಬಂದು ನೋಡಲಿ.

ಇನ್ನೊಂದು ವಿಷಯ, ಹೆಂಗಸರ ಪುಸ್ತಕವಾದ್ದರಿಂದ ಸಂಕೋಚವಿಲ್ಲದೆ ಬರೆಯುತ್ತೇನೆ. ನಮ್ಮ ಮನೆಗಳಲ್ಲಿ ತಿಂಗಳಿಗೆ ಮೂರು ದಿನ 'ಹೊರಗೆ ಕೂರುವ' ಪದ್ಧತಿಯಿತ್ತು. ಅದರ ವಿರುದ್ಧ ನಾನು ಕಾಲೇಜಿನಲ್ಲಿ ಭಾಷಣ ಮಾಡಿದವಳು, ಅತ್ತೆಯ ಹತ್ತಿರ ಜಗಳವಾಡಿದವಳು. ತವರಿನಲ್ಲಿ ಅಮ್ಮ ಕೊನೆಯವರೆಗೂ ಬಿಟ್ಟಿರಲಿಲ್ಲ. ಹೋಂಸ್ಟೇ ಬಂದದ್ದೇ ಒಂದೇ ವಾರದಲ್ಲಿ ಬಿಟ್ಟುಹೋಯಿತು. ಮುಂಗಡ ಕೊಟ್ಟವರಿದ್ದಾರೆ, ಆಕೆ ಹೊರಗೆ ಕೂತರೆ ಬೇಯಿಸುವವರಾರು? ಮೈಲಿಗೆ ಹೋದದ್ದಕ್ಕೆ ನಾನು ಸಂತೋಷಪಡಬೇಕು. ಆದರೆ ಅದರ ಜೊತೆ, ಅವಮಾನದ ನಡುವೆಯಾದರೂ ಸಿಗುತ್ತಿದ್ದ ಆ ಮೂರು ದಿನದ ವಿಶ್ರಾಂತಿಯೂ ಹೋಯಿತಲ್ಲ! ಬೇರೆ ಯಾವ ರೂಪದಲ್ಲೂ ಅದನ್ನು ಯಾರೂ ಹಿಂದಿರುಗಿಸಲಿಲ್ಲ.

ಈಗ ವ್ಯಾಪಾರದ ರೀತಿ ನೋಡಿ. ಮೊದಲ ವರ್ಷ ಪರಿಚಯದವರು ಹೇಳಿ ಕಳಿಸಿದ ಜನ ಬರುತ್ತಿದ್ದರು. ಆಮೇಲೆ ಮೊಬೈಲಿನ ಬುಕಿಂಗ್ ಕಂಪನಿಯೊಂದಕ್ಕೆ ಹೆಸರು ಕೊಟ್ಟದ್ದಾಯಿತು. ಅದರ ಕಮಿಷನ್ ಬೇರೆ, ರಿಯಾಯಿತಿ ಘೋಷಿಸುವುದು ಅದು, ಕಡಿಮೆಯಾಗುವುದು ಮನೆಯವರ ಪಾಲಿನಲ್ಲಿ. ಇದು ಒಂದು ಮನೆಯ ಗೋಳಲ್ಲ. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೋಗೆ 223.48 ಕೋಟಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ವಿಧಿಸಿ ಆದೇಶ ಮಾಡಿತು. ನಮ್ಮಲ್ಲಿರುವ ದರಕ್ಕಿಂತ ಕಡಿಮೆಗೆ ಬೇರೆಡೆ ಕೋಣೆ ಕೊಡಬಾರದೆಂದು ಮೇಕ್‌ಮೈಟ್ರಿಪ್ ಹೋಟೆಲಿನವರನ್ನು ಕಟ್ಟಿಹಾಕಿದ್ದು ಅದರಲ್ಲಿ ಒಂದು ಆಪಾದನೆ. ಕಂಪನಿಗಳು ಮೇಲ್ಮನವಿಗೆ ಹೋದವು. ದೊಡ್ಡ ಹೋಟೆಲಿನವರಿಗೆ ದೂರು ಕೊಡಲು ಸಂಘ ಇದೆ, ವಕೀಲರಿದ್ದಾರೆ. ನಾಲ್ಕು ಕೋಣೆಯ ಮನೆಗೆ ಏನಿದೆ? ಕಂಪನಿ ಗಂಡನ ಪಾಲನ್ನು ಹಿಂಡುತ್ತದೆ, ಅದನ್ನು ಸರಿದೂಗಿಸಲು ಎಂಟು ಜನರಿದ್ದಲ್ಲಿ ಹನ್ನೆರಡು ಜನರನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಆ ಹೆಚ್ಚಿನ ನಾಲ್ವರ ತೆಳ್ಳೇವು ಹೊಯ್ಯುವವರು ಯಾರೆಂದು ಮತ್ತೆ ಹೇಳಬೇಕೆ?

ಎಲ್ಲಕ್ಕಿಂತ ನನ್ನನ್ನು ಕೆರಳಿಸಿದ್ದು ನಕ್ಷತ್ರ. ಹೋದವರು ಐದರಲ್ಲಿ ಇಷ್ಟು ಎಂದು ಅಂಕ ಕೊಟ್ಟು ಹೋಗುತ್ತಾರೆ. ಒಬ್ಬರು ಬರೆದಿದ್ದರು: ಊಟ ಬಹಳ ಚೆನ್ನಾಗಿತ್ತು, ಆದರೆ ಮನೆಯಾಕೆ ಅಷ್ಟಾಗಿ ಮಾತಾಡಲಿಲ್ಲ. ಅದಕ್ಕೆ ಒಂದು ನಕ್ಷತ್ರ ಕಟ್! ಆ ದಿನ ಆಕೆಗೆ ಜ್ವರವಿತ್ತು. ತಮ್ಮ ಅದನ್ನು ಓದಿ ಹೇಳಿ, "ಸ್ವಲ್ಪ ನಗ್ತಾ ಇರು ಮಾರಾಯ್ತಿ" ಎಂದನಂತೆ. ಮೂವತ್ತು ವರ್ಷ ಮಕ್ಕಳಿಗೆ ಅಂಕ ಕೊಟ್ಟವಳು ನಾನು. ಜ್ವರ ಬಂದ ಮಗುವನ್ನು ಪರೀಕ್ಷೆಗೆ ಕೂರಿಸಿ, ನಗಲಿಲ್ಲವೆಂದು ಅಂಕ ಕಳೆದ ಶಿಕ್ಷಕಿಯನ್ನು ನಾನಂತೂ ಕಂಡಿಲ್ಲ.

ಅತಿಥಿ ದೇವರಲ್ಲವೇ, ನಮ್ಮ ಹಿರಿಯರು ಲೆಕ್ಕ ಇಟ್ಟರೇ ಎಂದು ಕೇಳುವವರಿದ್ದಾರೆ. ಹೀಗೆ ಕೇಳುವವರು ಹೆಚ್ಚಾಗಿ ಜಗುಲಿಯ ಮೇಲೆ ಕೂತಿರುವವರು. ಹಿರಿಯರು ಲೆಕ್ಕ ಇಡುತ್ತಿದ್ದರು, ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ ಅಷ್ಟೆ. ಎರಡು ವರ್ಷಕ್ಕೊಮ್ಮೆ ಸಿರ್ಸಿಯ ಮಾರಿಕಾಂಬಾ ಜಾತ್ರೆ ಬಂದರೆ ಪೇಟೆಯ ನಮ್ಮ ಮನೆಯಲ್ಲಿ ಇಂದಿಗೂ ಕಾಲಿಡಲು ಜಾಗವಿರುವುದಿಲ್ಲ. ಆದರೆ ಬಂದ ಹೆಂಗಸರು ಸೆರಗು ಸಿಕ್ಕಿಸಿ ಒಳಗೆ ಬರುತ್ತಾರೆ. ಒಬ್ಬಳು ಕಾಯಿ ತುರಿದರೆ ಒಬ್ಬಳು ಪಾತ್ರೆಗೆ ಕೂರುತ್ತಾಳೆ. ಮುಂದೆ ಅವರ ಮನೆಯ ಉಪನಯನಕ್ಕೆ ಹೋದಾಗ ನಾನು ಅದೇ ಮಾಡುತ್ತೇನೆ. ಕೊಟ್ಟದ್ದು ತಿರುಗಿ ಬರುವ ದಾರಿ ಅಲ್ಲಿದೆ. ಒಂದು ನಕ್ಷತ್ರ ಕಳೆದವರ ಬೆಂಗಳೂರಿನ ಮನೆಗೆ ನನ್ನ ತಮ್ಮನ ಹೆಂಡತಿ ಯಾವಾಗ ಹೋಗಿ ಎರಡು ದಿನ ಉಂಡು ಬರುವುದು? ಹಣ ಕೊಟ್ಟು ಬಂದವರು ಗಿರಾಕಿಗಳು. ಗಿರಾಕಿ ಎಂದು ಒಪ್ಪಿಕೊಂಡರೆ ಅಡುಗೆಯವಳಿಗೆ ಕೂಲಿಯನ್ನೂ ಒಪ್ಪಿಕೊಳ್ಳಬೇಕು. ಹಣ ಪಡೆಯುವಾಗ ಉದ್ಯಮ, ಆಕೆಗೆ ಕೊಡುವಾಗ ಧರ್ಮ ಎಂದರೆ ನಡೆಯದು.

ಆಗದ ಕೆಲಸವೇನಲ್ಲ ಇದು. ಕೇರಳದ ಕುಮರಕೋಮಿನಲ್ಲಿ 2008ರಿಂದ ಕುಟುಂಬಶ್ರೀಯ ಹೆಂಗಸರ ಗುಂಪುಗಳು ಹೋಟೆಲುಗಳಿಗೆ ತರಕಾರಿ ಬೆಳೆದು ಕೊಟ್ಟು, ಗುಂಪಿನ ಹೆಸರಿನಲ್ಲೇ ಹಣ ಪಡೆದವು. ನಮ್ಮ ಸರ್ಕಾರವೂ 2023ರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರವನ್ನು ಯಜಮಾನಿಯ ಖಾತೆಗೇ ಹಾಕಬೇಕೆಂದು ತೀರ್ಮಾನಿಸಿತು. 2025ರ ಕೇಂದ್ರ ಬಜೆಟ್ಟಿನಲ್ಲಿ ಹೋಂಸ್ಟೇಗಳಿಗೂ ಮುದ್ರಾ ಸಾಲ ಎಂದು ಸಾರಿದರು. ಆ ಸಾಲದ ಅರ್ಜಿಯಲ್ಲಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿಯಲ್ಲಿ, ಗೋಡೆಗೆ ಅಂಟಿಸುವ ಹಣ ಪಾವತಿಯ ಚೀಟಿಯಲ್ಲಿ ಆಕೆಯ ಹೆಸರೂ ಇರಲಿ. ಊಟದ ಹಣ ಆಕೆಯ ಖಾತೆಗೆ, ಕೋಣೆಯ ಹಣ ಬೇಕಾದರೆ ಗಂಡನ ಖಾತೆಗೆ ಹೋಗಲಿ. ವಾರದಲ್ಲಿ ಒಂದು ದಿನ, ಹಬ್ಬದ ದಿನಗಳಲ್ಲಿ ಪೂರ್ತಿ, ಮನೆ ಮನೆಯವರದ್ದೇ ಆಗಿರಲಿ. ಹತ್ತು ಗಂಟೆಯ ಮೇಲೆ ಒಲೆ ಹೊತ್ತಿಸುವುದಿಲ್ಲ ಎನ್ನುವ ಹಕ್ಕು ಆಕೆಗೆ ಇರಲಿ.

ಇದನ್ನು ಓದುವ ನೀವೂ ಗಿರಾಕಿಗಳೇ, ನಾನೂ. ಶಕ್ತಿ ಯೋಜನೆ ಬಂದ ಮೇಲೆ ನಾವು ಆರು ಜನ ಶಿಕ್ಷಕಿಯರು ಬಸ್ಸು ಹತ್ತಿ ಯಲ್ಲಾಪುರಕ್ಕೆ ಹೋಗಿ, ಸಾತೊಡ್ಡಿ ನೋಡಿ ಒಂದು ಮನೆಯಲ್ಲಿ ಉಳಿದಿದ್ದೆವು. ಅಡುಗೆಮನೆಯಿಂದ ಬಿಡುಗಡೆ ಸಿಕ್ಕ ಖುಷಿಯಲ್ಲಿ ರಾತ್ರಿ ಹತ್ತೂವರೆಗೆ ಇನ್ನೊಂದು ಸುತ್ತು ಕಷಾಯ ಕೇಳಿದೆವು. ಮಲಗಲು ಹೊರಟ ಆ ಹೆಂಗಸು ತಿರುಗಿ ಒಳಹೋಗಿ ಮಾಡಿ ತಂದಳು. ಕುಡಿದು ಹೊಗಳಿದೆವು. ಹೆಸರೇನೆಂದು ಆರು ಜನರಲ್ಲಿ ಒಬ್ಬರೂ ಕೇಳಲಿಲ್ಲ.

ಹೋದ ತಿಂಗಳು ತಮ್ಮನಿಗೆ ಹೊಸ ಬೋರ್ಡಿನ ಒಕ್ಕಣೆ ಬರೆದು ಕಳಿಸಿದ್ದೇನೆ. 'ಅಮ್ಮನ ಕೈರುಚಿ' ಹೊಡೆದುಹಾಕಿ, ಅಡುಗೆ ಮಾಡುವವರು ಇಂಥವರು ಎಂದು ಬರೆಯಲು ಜಾಗ ಬಿಟ್ಟಿದ್ದೇನೆ. ಪೇಂಟರಿನ ಖರ್ಚು ನನ್ನದು ಎಂದೂ ಹೇಳಿದ್ದೇನೆ. ಅವನಿಂದ ಉತ್ತರವಿಲ್ಲ. ಆಕೆ ಮಾತ್ರ ಮೊನ್ನೆ ಫೋನು ಮಾಡಿ, ಬರೆಸುವುದೇ ಆದರೆ ಯಾವ ಹೆಸರು ಎಂದು ಕೇಳಿದಳು, ಅಪ್ಪನ ಮನೆಯಲ್ಲಿ ಇಟ್ಟದ್ದೋ, ಮದುವೆಯಲ್ಲಿ ನಾವು ಬದಲಿಸಿ ಇಟ್ಟದ್ದೋ ಎಂದು.