ಅಲೆ ಬಿಡುವ ಧೈರ್ಯವೂ ಬೇಕು

ಆ ವಿಡಿಯೊವನ್ನು ನೀವೂ ನೋಡಿರುತ್ತೀರಿ. ಆರು ಅಂತಸ್ತಿನ ಕಟ್ಟಡದಷ್ಟು ಎತ್ತರದ ಅಲೆ, ಅದರ ಇಳಿಜಾರಿನಲ್ಲಿ ಹಲಗೆಯ ಮೇಲೆ ನಿಂತು ಜಾರಿ ಬರುವ ಇರುವೆಯಂಥ ಮನುಷ್ಯ, ಹಿಂದೆ ಅಬ್ಬರದ ಸಂಗೀತ. ಹದಿನೈದು ಸೆಕೆಂಡಿಗೆ ಮುಗಿಯುತ್ತದೆ. ಅದಕ್ಕೆ ಲೈಕ್ ಒತ್ತಿದ ನಮ್ಮ ಹುಡುಗರು ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಗೋ, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೋ ಹೋಗಿ, ಸೇತುವೆ ಮೇಲಿಂದ ಜಿಗಿದು ರೀಲ್ಸ್ ಮಾಡುತ್ತಾರೆ. ‘ಈಜಲು ಹೋದ ಯುವಕ ನೀರುಪಾಲು’ ಎಂಬ ತಲೆಬರಹ ನಮ್ಮ ಜಿಲ್ಲೆಯ ಓದುಗರಿಗೆ ಹೊಸದೇನಲ್ಲ.

ಇಂಥ ಸಾಹಸಿಗರಿಂದ ನಾವು ಕಲಿಯಬೇಕಾದದ್ದು ಖಂಡಿತ ಇದೆ. ಆದರೆ ಅದು ಆ ಹದಿನೈದು ಸೆಕೆಂಡಿನಲ್ಲಿ ಕಾಣಿಸುವುದಿಲ್ಲ.

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ತೀರದಿಂದ ಸುಮಾರು 160 ಕಿ.ಮೀ. ದೂರದ ನಡುಸಮುದ್ರದಲ್ಲಿ ಕಾರ್ಟೆಸ್ ಬ್ಯಾಂಕ್ ಎಂಬ ಜಾಗವಿದೆ. ಹೆಚ್ಚುಕಡಿಮೆ ರಾಯಚೂರಿನಿಂದ ಬಳ್ಳಾರಿಗೆ ಹೋದಷ್ಟು ದೂರ. ಅಲ್ಲಿ ಕಾಲಿಡಲು ನೆಲವಿಲ್ಲ. ಮುಳುಗಿದ ಬೆಟ್ಟವೊಂದರ ತುದಿ ನೀರಿನ ಮೇಲ್ಮೈಗೆ ಕೆಲವೇ ಅಡಿಗಳಷ್ಟು ಹತ್ತಿರವಿದೆ. ದೂರದ ಬಿರುಗಾಳಿಯಿಂದ ಹೊರಟ ಅಲೆ ಆಳ ನೀರಿನಲ್ಲಿ ಸದ್ದಿಲ್ಲದೆ ಬಂದು, ಆ ಬಂಡೆಗೆ ತಳ ತಾಗುತ್ತಲೇ ವೇಗ ಕುಂದಿ ಗೋಡೆಯಂತೆ ಎದ್ದು ನಿಲ್ಲುತ್ತದೆ. 1990ರಲ್ಲಿ ವಿಮಾನದಿಂದ ಈ ಅಲೆಗಳನ್ನು ಕಂಡವರು ಛಾಯಾಗ್ರಾಹಕ ಲ್ಯಾರಿ ಮೂರ್. ಆಮೇಲೆ ಅವರು ವರ್ಷಗಟ್ಟಲೆ ಹವಾಮಾನದ ನಕಾಶೆಗಳನ್ನು ನೋಡುತ್ತ ಸರಿಯಾದ ದಿನಕ್ಕಾಗಿ ಕಾದರು. 2001ರ ಜನವರಿಯಲ್ಲಿ ಆ ದಿನ ಬಂತು. ಗಾಳಿ ನಿಂತಿತ್ತು, ಅಲೆ ದೊಡ್ಡದಿತ್ತು. ಅಂದು ಮೈಕ್ ಪಾರ್ಸನ್ಸ್ 66 ಅಡಿ ಎತ್ತರದ ಅಲೆಯನ್ನು ಏರಿ ಇಳಿದರು.

ಅದೇ ಜಾಗದಲ್ಲಿ 2012ರ ಡಿಸೆಂಬರ್‌ನಲ್ಲಿ ಗ್ರೆಗ್ ಲಾಂಗ್ ಅಲೆಯಿಂದ ಬಿದ್ದರು. ಗಾಳಿ ತುಂಬಿಕೊಂಡು ಮೇಲೆತ್ತಬೇಕಿದ್ದ ಜಾಕೆಟ್ ಕೈಕೊಟ್ಟಿತು. ಒಂದರ ಹಿಂದೆ ಒಂದು ಅಲೆ ಅವರನ್ನು ನೀರಿನಡಿ ಅದುಮಿತು. ಪ್ರಜ್ಞೆ ತಪ್ಪಿ ತೇಲುತ್ತಿದ್ದ ಅವರನ್ನು ಜೆಟ್ ಸ್ಕೀಗಳಲ್ಲಿ ಕಾಯುತ್ತಿದ್ದ ರಕ್ಷಣಾ ತಂಡ ಎತ್ತಿಕೊಂಡಿತು. ಹೆಲಿಕಾಪ್ಟರ್ ಬಂದು ಆಸ್ಪತ್ರೆಗೆ ಒಯ್ದಿತು. ಅವರು ಬದುಕಿದರು. ಜಗತ್ತಿನ ಅತಿ ನುರಿತ ಅಲೆಗಾರರಲ್ಲಿ ಒಬ್ಬರಾದ ಅವರನ್ನು ಉಳಿಸಿದ್ದು ಎದೆಗಾರಿಕೆಯಲ್ಲ, ಬಿದ್ದರೆ ಏನು ಮಾಡಬೇಕೆಂದು ಮೊದಲೇ ಯೋಚಿಸಿದ್ದ ತಂಡ.

‘ನಮಗೆ ಸಮುದ್ರವೇ ಇಲ್ಲ, ಇದೆಲ್ಲ ಯಾಕೆ?’ ಎನ್ನಬಹುದು. ನಮ್ಮದೇ ರಾಜ್ಯದ ಮೂಲ್ಕಿಯಲ್ಲಿ 2004ರಿಂದ ಮಂತ್ರ ಸರ್ಫ್ ಕ್ಲಬ್ ಇದೆ. ಸಸಿಹಿತ್ಲು ಬೀಚ್‌ನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದಿವೆ. ಈ ಕ್ರೀಡೆಯಲ್ಲಿ ಮೊದಲ ಪಾಠ ನಡೆಯುವುದು ಮರಳಿನ ಮೇಲೆ. ಹಲಗೆಯ ಮೇಲೆ ಮಲಗಿ ಏಳುವುದು ರೂಢಿಯಾದ ಮೇಲೆ ಸೊಂಟಮಟ್ಟದ ನೀರು. ದೊಡ್ಡ ಅಲೆಯ ಮಾತು ಆಮೇಲೆ.

ನಮ್ಮ ಕಾಲುವೆಗೆ ಅಲೆಯಿಲ್ಲ. ಅದಕ್ಕೇ ಅದರ ಮೋಸ ಹೆಚ್ಚು. ಮೇಲೆ ಶಾಂತವಾಗಿ ಕಾಣುವ ನೀರು ಒಳಗೆ ಒಂದೇ ಸಮನೆ ಎಳೆಯುತ್ತಿರುತ್ತದೆ. ಇಳಿಜಾರಾದ ಸಿಮೆಂಟಿನ ದಂಡೆಗೆ ಪಾಚಿ ಕಟ್ಟಿರುತ್ತದೆ, ಹಿಡಿಯಲು ಬೇರು, ಕಲ್ಲು ಏನೂ ಸಿಗುವುದಿಲ್ಲ. ಬಾವಿಯಲ್ಲಿ ಈಜು ಕಲಿತವನಿಗೂ ಇಲ್ಲಿ ಮೇಲೆ ಬರುವುದು ಕಷ್ಟ. ಒಬ್ಬನನ್ನು ಉಳಿಸಲು ಇನ್ನೊಬ್ಬ ಹಾರಿದರೆ ಇಬ್ಬರೂ ಹೋಗುತ್ತಾರೆ. ಕೃಷ್ಣೆಯ ಕಥೆಯೂ ಬೇರೆಯಲ್ಲ. ನಾರಾಯಣಪುರ ಜಲಾಶಯದ ಗೇಟ್ ತೆರೆದರೆ ಮಳೆ ಬಾರದ ಊರಲ್ಲೂ ಹೊಳೆ ತುಂಬುತ್ತದೆ. 2019ರ ಆಗಸ್ಟ್‌ನಲ್ಲಿ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿದ್ದು ಹಾಗೆಯೇ. ಜಲಾಶಯದಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂಬುದು ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಬರುತ್ತದೆ. ಲ್ಯಾರಿ ಮೂರ್ ನೋಡುತ್ತಿದ್ದ ನಕಾಶೆಯ ಹಾಗೆ ನಮಗಿರುವ ಮುನ್ಸೂಚನೆ ಅದು. ಸೆಲ್ಫಿಗೆ ಹೊರಡುವವರಲ್ಲಿ ಅದನ್ನು ಓದುವವರು ಎಷ್ಟು ಜನ?

ನೀರನ್ನು ಓದಬಲ್ಲವರು ನಮ್ಮಲ್ಲೂ ಇದ್ದಾರೆ. ಕುರ್ವಕುಲಾ, ಕುರ್ವಕುರ್ದಾದಂಥ ನಡುಗಡ್ಡೆಗಳಿಗೆ ತೆಪ್ಪ ಹಾಕುವ ಅಂಬಿಗರಿಗೆ ಸೆಳೆತ ಎಲ್ಲಿದೆ, ಸುಳಿ ಎಲ್ಲಿದೆ, ಯಾವ ದಿನ ಹುಟ್ಟು ಮುಟ್ಟಬಾರದು ಎಂಬುದು ಗೊತ್ತು. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವ ನಾವು ಆ ವಿದ್ಯೆಯನ್ನೂ ಮರೆತಿದ್ದೇವೆ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ರಾಯಚೂರು, ದೇವದುರ್ಗ, ಮಾನ್ವಿಯ ಕಾಲೇಜುಗಳು ಎನ್‌ಎಸ್‌ಎಸ್ ಶಿಬಿರದಲ್ಲಿ ಈಜು ಮತ್ತು ರಕ್ಷಣೆಯ ತರಬೇತಿ ಕೊಡಲಿ. ಹುಡುಗಿಯರಿಗೂ ಕೊಡಲಿ. ಅಂಬಿಗರನ್ನೇ ಗುರುಗಳಾಗಿ ಕರೆದು ಸಂಭಾವನೆ ನೀಡಲಿ. ಅಗ್ನಿಶಾಮಕ ದಳ, ಪೊಲೀಸ್ ಕೆಲಸಕ್ಕೆ ಬೆಳಗಿನ ಜಾವ ಎದ್ದು ಓಡುವ ಗೆಳೆಯರಿಗಂತೂ ಮುಂದೆ ಇದು ನಿತ್ಯ ಬೇಕಾಗುವ ವಿದ್ಯೆ. ಊರ ಹತ್ತಿರದ ಕಾಲುವೆ ದಂಡೆಗಳಲ್ಲಿ ಮೆಟ್ಟಿಲು, ಹಿಡಿಯಲು ಸರಪಳಿ ಹಾಕಿಸಲಿ.

ಅದೆಲ್ಲ ಆಗುವ ತನಕ ನಾವು ಮಾಡಬಹುದಾದದ್ದೂ ಇದೆ. ಯಾರಾದರೂ ಮುಳುಗುತ್ತಿದ್ದರೆ ಹಾರಬೇಡಿ. ಹಗ್ಗ, ಪಂಚೆ, ಸೀರೆ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. 112ಕ್ಕೆ ಕರೆ ಮಾಡಿ. ‘ಹಾರೋ, ಹೆದರ್ತೀಯೇನು?’ ಎಂದು ಗೆಳೆಯ ಕೆಣಕಿದರೆ ಮೂರು ಪ್ರಶ್ನೆ ಕೇಳಿ: ನೀರಿನ ಸೆಳೆತ ಎಷ್ಟಿದೆ? ಮೇಲೆ ಬರುವುದು ಎಲ್ಲಿಂದ? ಬಿದ್ದರೆ ಎತ್ತುವವರು ಯಾರು? ಉತ್ತರವಿಲ್ಲದಿದ್ದರೆ ಮನೆಗೆ ನಡೆಯಿರಿ. ದೊಡ್ಡ ಅಲೆ ಏರುವವರೂ ದಿನ ಸರಿಯಿಲ್ಲವೆಂದು ಕಂಡರೆ ಹಲಗೆ ಹೊತ್ತು ವಾಪಸ್ ಬರುತ್ತಾರೆ. ಅವರನ್ನು ಯಾರೂ ಹೇಡಿ ಎನ್ನುವುದಿಲ್ಲ.